ಕಾರ್ಖಾನೆಯ ಗೋಡೆ, ಸಾಲದ ಛಾವಣಿ

1947ರ ದೇಶವಿಭಜನೆಯ ತರುವಾಯ ದೆಹಲಿಗೆ ಬಂದು ಸೇರಿದ ನಿರಾಶ್ರಿತರು ಸುಮಾರು ಐದು ಲಕ್ಷ. ಪುರಾನಾ ಕಿಲ್ಲೆಯಲ್ಲಿ, ಹುಮಾಯೂನನ ಗೋರಿಯ ಅಂಗಳದಲ್ಲಿ, ಕಿಂಗ್ಸ್‌ವೇ ಶಿಬಿರದಲ್ಲಿ ತಂಗಿದ್ದ ಈ ಜನಕ್ಕೆ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಮನೆ ಕಟ್ಟಿಕೊಡಲು ಎಷ್ಟು ಕಾಲ ಹಿಡಿದೀತು? ಈ ಪ್ರಶ್ನೆಗೆ ಭಾರತ ಸರಕಾರವು ಕೊಡಬಯಸಿದ ಉತ್ತರಗಳಲ್ಲಿ ಜಂಗಪುರದ ಸರಕಾರಿ ಗೃಹನಿರ್ಮಾಣ ಕಾರ್ಖಾನೆಯೂ ಒಂದು. ಅದರ ಹಿಂದಿದ್ದ ಶಿಲ್ಪಿಗೂ ಮೈಸೂರು ಸಂಸ್ಥಾನಕ್ಕೂ ಇದ್ದ ಸಂಬಂಧವು ಕನ್ನಡಿಗರಾದ ನಮಗೆ ವಿಶೇಷ ಆಸ್ಥೆಯ ವಿಷಯ.

ಆಟೋ ಕೋನಿಗ್ಸ್‌ಬರ್ಗರ್ ಅವರು 1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದರು. ಯೆಹೂದಿ ಮೂಲದವರೆಂಬ ಕಾರಣದಿಂದ 1933ರಲ್ಲಿ ಕೆಲಸ ಕಳೆದುಕೊಂಡು, ಕೆಲಕಾಲ ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸರಕಾರದ ವಾಸ್ತುಶಿಲ್ಪಿಯಾಗಿ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ಹೋಗಿದ್ದರು. ಅದೇ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಕಟ್ಟಡವು ಮುಂದೆ ಈ ಸೋದರಳಿಯನ ಕೃತಿಯಾಯಿತು. 1948ರಲ್ಲಿ ಅವರು ಕೇಂದ್ರ ಆರೋಗ್ಯ ಸಚಿವಾಲಯದ ಗೃಹನಿರ್ಮಾಣ ನಿರ್ದೇಶಕರಾದರು. ಆ ಖಾತೆಯನ್ನು ವಹಿಸಿದ್ದವರು ರಾಜಕುಮಾರಿ ಅಮೃತ ಕೌರ್.

ಮನೆಯ ಭಾಗಗಳನ್ನು ಒಂದೇ ಅಳತೆಯಲ್ಲಿ ಕಾರ್ಖಾನೆಯಲ್ಲಿಯೇ ಎರಕಹೊಯ್ದು, ನಿವೇಶನಕ್ಕೆ ಸಾಗಿಸಿ, ಅಸ್ತಿಭಾರದ ಮೇಲೆ ಜೋಡಿಸುವುದೇ ಈ ವಿಧಾನದ ತಿರುಳು. ಯುದ್ಧಾನಂತರದ ಬ್ರಿಟನ್ನಿನಲ್ಲಿ 1949ರೊಳಗಾಗಿ ಇಂತಹ ಸುಮಾರು 1,56,000 ತಾತ್ಕಾಲಿಕ ಮನೆಗಳೆದ್ದಿದ್ದವು. ಆ ಮಾದರಿಯಲ್ಲಿ ಯಂತ್ರಗಳು ದೆಹಲಿಗೆ ಬಂದವು. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಚಪ್ಪಡಿಗಳು ತಯಾರಾದವು. ಆದರೆ ಚಪ್ಪಡಿಗಳು ಬಿರುಕುಬಿಟ್ಟವು. ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಟೀಕೆಯೆದ್ದಿತು, ಉತ್ಪಾದನೆ ನಿಂತಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಅವರು ಭಾರತವನ್ನು ಬಿಟ್ಟರು. ಕಾರ್ಖಾನೆಯು 1953ರಲ್ಲಿ ಕಂಪೆನಿಯ ರೂಪ ತಾಳಿ, 1978ರಲ್ಲಿ ಹಿಂದುಸ್ತಾನ್ ಪ್ರಿಫ್ಯಾಬ್ ಎಂಬ ಹೆಸರನ್ನು ಪಡೆಯಿತು.

ಬಿರುಕನ್ನು ಮಾತ್ರ ದೂಷಿಸಿ ಮುಂದೆ ಸಾಗುವುದು ಸುಲಭ. ಆದರೆ ಲೆಕ್ಕವನ್ನೂ ನೋಡಬೇಕು. ಯುದ್ಧದ ತರುವಾಯದ ಇಂಗ್ಲೆಂಡಿನಲ್ಲಿ ನುರಿತ ಕೆಲಸಗಾರರ ಅಭಾವವಿದ್ದಿತು. ಅಲ್ಲಿ ಯಂತ್ರವು ಉಳಿಸುತ್ತಿದ್ದುದು ಕೂಲಿಯನ್ನು. ದೆಹಲಿಯಲ್ಲಿ ಕೈಗಳಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಹಣಕ್ಕೆ. ಸಾಲದ ಹಣವನ್ನು ಯಂತ್ರದಲ್ಲಿ ತೊಡಗಿಸಿದ ಮೇಲೆ ಕೆಲಸ ನಡೆದರೂ ನಿಂತರೂ ಬಡ್ಡಿ ಬೆಳೆಯುವುದು ತಪ್ಪದು. ಎಡೆಬಿಡದ ಬೇಡಿಕೆಯಿಲ್ಲದೆ ಇಂತಹ ಉದ್ಯಮ ಬದುಕದು. ಇದೇ ವರ್ಷಗಳಲ್ಲಿ ಫರೀದಾಬಾದಿನಲ್ಲಿ ಸರಹದ್ದು ಪ್ರಾಂತದ ನಿರಾಶ್ರಿತರು ಸಹಕಾರಿ ರೀತಿಯಲ್ಲಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು.

ಕೋನಿಗ್ಸ್‌ಬರ್ಗರ್ ಅವರ ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸೋಲಿನ ಕಥೆ ಮಾತ್ರವಾಗುತ್ತಿತ್ತು. 1954ರಲ್ಲಿ ವಿಶ್ವಸಂಸ್ಥೆಯು ಚಾರ್ಲ್ಸ್ ಅಬ್ರಾಮ್ಸ್, ವ್ಲಾದಿಮಿರ್ ಬೊದಿಯಾನ್‌ಸ್ಕಿ ಮತ್ತು ಇವರನ್ನು ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ 1957ರಿಂದ ಘಾನಾ ಎನಿಸಿದ ದೇಶಕ್ಕೆ, ಕಳುಹಿಸಿತು. ಅಲ್ಲಿಯೂ ಯೂರೋಪಿನ ಕಂಪೆನಿಯೊಂದರ ಸಿದ್ಧ ಕಾಂಕ್ರೀಟ್ ಮನೆಗಳ ಯೋಜನೆಯಿದ್ದಿತು. ಮೂವರೂ ಅದನ್ನು ಅನುಮೋದಿಸಲಿಲ್ಲ. ಹಳ್ಳಿಗರು ಮಣ್ಣಿನ ಗೋಡೆಗಳನ್ನು ತಾವೇ ಎಬ್ಬಿಸಬಲ್ಲರು. ರೊಕ್ಕಕೊಟ್ಟು ಕೊಳ್ಳಬೇಕಾದ ಛಾವಣಿಯ ಸಾಮಗ್ರಿಯೇ ಅವರ ಕೈಗೆ ಎಟುಕದುದು ಎಂಬುದನ್ನು ಅವರು ಕಂಡುಕೊಂಡರು. ಛಾವಣಿಗೆ ಮಾತ್ರ ಸಾಲ, ಕಂತಿನ ಮರುಪಾವತಿ, ಹಳ್ಳಿಯ ಸಂಘದ ಹೊಣೆ: ಇದು ಅವರ ಸಲಹೆ.

ಸಾಲದ ಅರ್ಜಿಗಳನ್ನು ಪರಿಶೀಲಿಸುವುದೇ ವೃತ್ತಿಯಾದ ನನಗೆ, ಗೋಡೆಯೆದ್ದು ಛಾವಣಿಯಿಲ್ಲದೆ ಎರಡು ಮಳೆಗಾಲಗಳನ್ನು ಕಂಡ ಮನೆಗಳು ಅಪರಿಚಿತವಲ್ಲ. ಅವುಗಳ ಒಡೆಯರಿಗೆ ಬೇಕಾದುದು ಗೋಡೆಯ ಕಾರ್ಖಾನೆಯಲ್ಲ. ಬಡವನು ತಾನೇ ಮಾಡಿಕೊಳ್ಳಲಾಗದ ಭಾಗ ಯಾವುದೆಂದು ಮೊದಲು ಅವನನ್ನೇ ಕೇಳಬೇಕು. ಜಂಗಪುರದಲ್ಲಿ ಕೇಳದೆ ಉಳಿದ ಆ ಪ್ರಶ್ನೆಯನ್ನು ಅದೇ ಶಿಲ್ಪಿ ಘಾನಾದಲ್ಲಿ ಕೇಳಿದರು.