ಗೌರವಧನದ ಲೆಕ್ಕ

'ಎಲ್ಲರಿಗೂ ಆರೋಗ್ಯ' ಎಂಬ ಮಾತು ಹಳೆಯದು. ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು 1946ರಲ್ಲೇ ಭೋರ್ ಸಮಿತಿ ಹೇಳಿತ್ತು. 1978ರಲ್ಲಿ ಆಲ್ಮಾ ಆಟಾದಲ್ಲಿ ಸೇರಿದ ದೇಶಗಳು 2000ನೇ ಇಸವಿಯ ಗಡುವನ್ನೂ ಹಾಕಿಕೊಂಡವು. ಗಡುವು ಬಂತು, ಹೋಯಿತು. ನಮ್ಮ ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಾಲ್ಕು ತಾಲ್ಲೂಕಿನ ಜಿಲ್ಲೆಯಾದರೂ, ಒಳಹಳ್ಳಿಯ ಎಷ್ಟೋ ಹೆರಿಗೆಗಳು ಸೂಲಗಿತ್ತಿಯ ಕೈಗುಣವನ್ನೇ ನಂಬಿದ್ದವು.

ಆ ಮಾತಿಗೆ ಕಾಲು ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ. ಸುಮಾರು ಸಾವಿರ ಜನಕ್ಕೆ ಒಬ್ಬಳು ಆಶಾ. ಅದೇ ಊರಿನ ಹೆಣ್ಣುಮಗಳು. ಬಸುರಿಯ ಹೆಸರು ಬರೆಸಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು, ಹೆತ್ತು ಬಂದವಳ ಮನೆಗೆ 3, 7, 14, 21, 28, 42ನೇ ದಿನ ಹೋಗಿ ಕೂಸನ್ನು ನೋಡಬೇಕು. ನಮ್ಮಲ್ಲಿ ಇದು ಸುಲಭವಲ್ಲ. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆ, ಭತ್ತ. ಕುಷ್ಟಗಿ, ಯಲಬುರ್ಗಾದಲ್ಲಿ ಮಳೆಯನ್ನೇ ನಂಬಿದ ಹೊಲ. ಮಳೆ ಕೈಕೊಟ್ಟರೆ ಗುಳೆ. ಬಸುರಿಯೂ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾಳೆ. ಅವಳು ಎಲ್ಲಿ ಹೋದಳು, ಕೂಸಿಗೆ ಚುಚ್ಚುಮದ್ದು ಆಯಿತೇ ಎಂದು ನೆನಪಿಟ್ಟುಕೊಳ್ಳುವವಳು ಊರಿನ ಆಶಾ.

ಇಷ್ಟು ಮಾಡುವವಳನ್ನು ಸರ್ಕಾರ 'ಸ್ವಯಂಸೇವಕಿ' ಎಂದಿತು. ಸಂಬಳಕ್ಕೆ 'ಗೌರವಧನ' ಎಂಬ ಹೆಸರು. ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟೆಂದು 'ಪ್ರೋತ್ಸಾಹಧನ'. ಮಾಡಿದ ಕೆಲಸ ಕಂಪ್ಯೂಟರಿಗೆ ಏರದಿದ್ದರೆ ದುಡ್ಡೂ ಇಲ್ಲ. ಮನೆಗೆಲಸಕ್ಕೆ ಲೆಕ್ಕವಿಲ್ಲವೆಂಬುದನ್ನು ಬಲ್ಲ ನಮಗೆ, ಈ ಹೆಸರುಗಳ ಜಾಣತನ ತಿಳಿಯದೇನು?

ಗುಲಾಬಿ ಸೀರೆಯ ಸಾಲು ಬೀದಿಗೆ ಇಳಿದದ್ದು ಇದಕ್ಕಾಗಿ. 2020ರ ಜನವರಿ 3ರಂದು ರಾಜ್ಯದ ಮೂಲೆಮೂಲೆಯಿಂದ ಬಂದ ಆಶಾಗಳು ಬೆಂಗಳೂರಿನಲ್ಲಿ ಮೆರವಣಿಗೆ ಹೊರಟರು. ಅದೇ ವರ್ಷ ಜುಲೈನಲ್ಲಿ, ಕೊರೋನಾದ ನಡುವೆ, ಸುಮಾರು 42,000 ಮಂದಿ ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ, ಜೊತೆಗೆ ರಕ್ಷಣೆಯ ಸಾಮಗ್ರಿ. ರೋಗದ ಕಾಲದಲ್ಲಿ ಮುಷ್ಕರವೇ ಎಂದವರುಂಟು. ರೋಗವಿದ್ದ ಮನೆಯ ಬಾಗಿಲಿಗೆ ಮೊದಲು ಹೋಗಿ ನಿಂತವರು ಯಾರೆಂದು ಅವರು ಕೇಳಿಕೊಳ್ಳಲಿಲ್ಲ.

2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಬಿರುದು ಬಂತು, ಪಗಾರ ಬರಲಿಲ್ಲ. 2025ರ ಜನವರಿ 7ರಿಂದ ಚಳಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲಿರುಳು ಕುಳಿತರು, ಬೇಡಿಕೆ 15,000. ನಾಲ್ಕನೆಯ ದಿನ, ಏಪ್ರಿಲ್‌ನಿಂದ ಕನಿಷ್ಠ 10,000 ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಒಪ್ಪಿದರು. ಆ ಮಾತನ್ನು ನೆನಪಿಸಲು ಆಗಸ್ಟ್‌ನಲ್ಲಿ ಮತ್ತೆ ಧರಣಿ ಹೂಡಬೇಕಾಯಿತು.

ಇದು ಅವರ ಹೊಟ್ಟೆಪಾಡಿನ ಜಗಳ, ನಮಗೇನು ಎನ್ನಬೇಡಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆಯಿದೆ. ಆದರೆ ಟ್ರಂಕಿನಲ್ಲಿಟ್ಟ ಕಾರ್ಡು ತಾನಾಗಿ ಆಸ್ಪತ್ರೆಗೆ ನಡೆದು ಹೋಗುವುದಿಲ್ಲ. ರಾತ್ರಿ ಹೊತ್ತು ನೋವು ತಿನ್ನುವ ಸೊಸೆಯ ಜೊತೆ ಆಂಬುಲೆನ್ಸ್ ಹತ್ತುವವಳು ಬೇಕು. ಅವಳ ಮನೆಯ ಒಲೆ ಉರಿಯದಿದ್ದರೆ, ಎಲ್ಲರಿಗೂ ಆರೋಗ್ಯವೆಂಬುದು ಮತ್ತೊಂದು ಗಡುವಾಗಿ ಕಾಗದದಲ್ಲೇ ಉಳಿದೀತು.