ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಕುತ್ತಿದ್ದೀರಾ? ಮೊದಲು ನೋಂದಣಿ ಸಂಖ್ಯೆ ಕೇಳಿ

ನಿದ್ದೆಯೇ ಬಾರದ ದಿನಗಳಲ್ಲಿ ನಾನು ಬೋರ್ಡ್ ನೋಡಿ ಒಬ್ಬರ ಬಳಿ ಹೋಗಿದ್ದೆ. ಮೂರು ಸೆಷನ್‌ಗೆ ದುಡ್ಡು ಕೊಟ್ಟ ಮೇಲೆ ಗೊತ್ತಾಯ್ತು, ಅವರಿಗೆ ನೋಂದಣಿಯೇ ಇರಲಿಲ್ಲ. ಆಮೇಲೆ ಕಲಿತದ್ದು ಇಷ್ಟು.

ಯಾರು ಏನು: ಸೈಕಿಯಾಟ್ರಿಸ್ಟ್ ಅಂದರೆ ವೈದ್ಯರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಿ ಥೆರಪಿ ಕೊಡುತ್ತಾರೆ, ಮಾತ್ರೆ ಬರೆಯುವಂತಿಲ್ಲ. ‘ಕೌನ್ಸೆಲರ್’ ಅಂತ ಬೋರ್ಡ್ ಇದ್ದರೆ, ಅವರ ತರಬೇತಿ ಏನು ಅಂತ ಕೇಳಿಯೇ ತಿಳಿಯಬೇಕು.

ನೋಂದಣಿ: ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿಸಿಕೊಂಡಿರಬೇಕು. ಸಿಆರ್‌ಆರ್ ಸಂಖ್ಯೆ ಕೇಳಿ, ಪರಿಷತ್ತಿನ ವೆಬ್‌ಸೈಟಿನಲ್ಲಿ ತಾಳೆ ನೋಡಿ.

ಫೋನಿನಲ್ಲೇ ಕೇಳಿ: ಫೀಸು ಎಷ್ಟು, ಸೆಷನ್ ಎಷ್ಟು ಹೊತ್ತು, ಕನ್ನಡದಲ್ಲಿ ಮಾತಾಡ್ತಾರಾ. ಅಳು ಬಂದಾಗ ಇಂಗ್ಲಿಷ್ ಪದ ಹುಡುಕುವ ಕಷ್ಟ ಯಾಕೆ?

ಗೌಪ್ಯತೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಇದು ನಿಮ್ಮ ಹಕ್ಕು. ಜೀವಾಪಾಯದಂಥ ಕೆಲವು ಸಂದರ್ಭಗಳಿಗಷ್ಟೇ ವಿನಾಯಿತಿ.

ದುಡ್ಡಿಲ್ಲದಿದ್ದರೆ: ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ನಂಬರ್ ಕೇಳಿದರೆ ಅವರಿಗೆ ಬೇಜಾರಾಗುತ್ತೇನೋ ಅಂತ ಅವತ್ತು ನಾನು ಸುಮ್ಮನಿದ್ದೆ. ನೀವು ಸುಮ್ಮನಿರಬೇಡಿ.