ವಾಡೆ ಮತ್ತು ವತನ

ಬಾಗಲಕೋಟೆ, ಹುನಗುಂದ ಸೀಮೆಯ ದೇಸಾಯರ ವಾಡೆ ಬಗ್ಗೆ ಬರೆಯೋರು ಬಾಗಿಲ ಕೆತ್ತನೆ ಹತ್ತಿರವೇ ನಿಂತುಬಿಡ್ತಾರೆ. ವಾಡೆ ಅಂದರೆ ಕಂದಾಯದ ಕಚೇರಿ, ಕಾಳಿನ ಹಗೇವು, ನ್ಯಾಯದ ಕಟ್ಟೆ. 1818ರಲ್ಲಿ ಪೇಶ್ವೆ ಆಳಿಕೆ ಮುಗಿದು ವಸೂಲಿ ಇಂಗ್ಲಿಷರ ಮಾಮಲೇದಾರನಿಗೆ ಹೋಯ್ತು. ದೇಸಾಯರಿಗೆ ದುಡಿಮೆಯಿಲ್ಲದ ವತನ ಉಳೀತು, ದಲಿತರಿಗೆ ಬಿಟ್ಟಿ ಚಾಕರಿ ಉಳೀತು.

1951ರಲ್ಲಿ ಜಾರಿಯಾದ ಮುಂಬಯಿ ಕಾಯ್ದೆ ದೇಸಗತಿ ವತನ ತೆಗೆಯಿತು. ವಾಲಿಕಾರಕಿ, ತಳವಾರಕಿ ರದ್ದಾದದ್ದು ಮೈಸೂರಿನ 1961ರ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1963ರಲ್ಲಿ. ಧಣಿಯ ಹುದ್ದೆ ಹೋಗಿ ಹನ್ನೆರಡು ವರ್ಷ ಆಳಿನ ಹುದ್ದೆ ನಡೀತು! ತಾನೇ ಉಳುತ್ತಿದ್ದ ಚಾಕರಿ ಹೊಲಕ್ಕೆ ಆಳು ಸರ್ಕಾರಕ್ಕೆ ಬೆಲೆ ಕಟ್ಟಿ ಮರುಮಂಜೂರಿ ಪಡೀಬೇಕಾಯ್ತು.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಸಿಕ್ಕಾಗ ಪರಿಹಾರ ಹಂಚಿದ್ದು ಉತಾರ ನೋಡಿ. ವಾಡೆಯ ಕಲ್ಲು ಹೊತ್ತವರ ಹೆಸರು ಆ ಉತಾರದಲ್ಲಿ ಎಲ್ಲಿತ್ತು?